ತಳ ಒಡೆದ ಹೊಳೆ

ಸಿಡ್ನಿಯ ದಕ್ಷಿಣ ಭಾಗಕ್ಕೆ ಕುಡಿಯುವ ನೀರು ಕೊಡುವ ವೊರೊನೊರಾ ಜಲಾಶಯವನ್ನು ವಾರಟಾ ಎಂಬ ಹೊಳೆ ಸೇರುತ್ತದೆ. ಅದರಡಿ 400 ಮೀಟರಿಗೂ ಆಳದಲ್ಲಿ ಕಲ್ಲಿದ್ದಲನ್ನು ಉದ್ದುದ್ದ ಪಟ್ಟಿಗಳಾಗಿ ಕೊರೆದು ತೆಗೆದು, ಹಿಂದೆ ಉಳಿದ ಟೊಳ್ಳಿನೊಳಗೆ ಮೇಲಿನ ಬಂಡೆಯನ್ನು ಬೇಕೆಂದೇ ಕುಸಿಯಬಿಟ್ಟರು. ಹೊಳೆಯ ಮರಳುಗಲ್ಲಿನ ತಳ ಬಿರುಕು ಬಿಟ್ಟಿತು. ನೀರು ಒಳಗಿಳಿಯಿತು, ಮಡುಗಳು ಒಣಗಿದವು. ಕೆಳಗೆಲ್ಲೋ ಕಬ್ಬಿಣದ ಕಿತ್ತಳೆ ಬಣ್ಣ ಹೊತ್ತು ನೀರು ಮೇಲೆದ್ದಿತು. ಬಿರುಕುಗಳಿಗೆ ರಾಳ ತುಂಬಿದ್ದೂ ಆಯಿತು.

ಕೆಳಗೆ ಮತ್ತೆ ಸಿಗುವ ನೀರು ನಷ್ಟ ಹೇಗಾದೀತು ಎಂಬ ವಾದವಿದೆ. ಮೊದಲು ನನಗೂ ಸರಿಯೆನಿಸಿತ್ತು. ಆದರೆ ಆ ಲೆಕ್ಕದಲ್ಲಿ ಹೊಳೆಯೆಂದರೆ ಜಲಾಶಯಕ್ಕೆ ನೀರು ತರುವ ಕೊಳವೆ, ಅಷ್ಟೆ. ಒಣಗಿದ ಮಡುವಿನ ಮೀನಿಗೆ ನಾಲ್ಕು ಫರ್ಲಾಂಗು ಕೆಳಗೆ ನೀರಿದೆಯೆಂದರೆ ಏನು ಬಂತು? ಪರಿಹಾರ ಕೊಡೋಣವೆಂದರೂ ಕೈಚಾಚುವವರಿಲ್ಲ.

ಸುಲಭವಾಗಿ ಬೈಯಲೂ ಆರೆ. ಅಲ್ಲಿಯ ಕಲ್ಲಿದ್ದಲು ಮುಖ್ಯವಾಗಿ ಉಕ್ಕಿನ ಕುಲುಮೆಗೆ ಹೋಗುವಂಥದು. ಆಸ್ಟ್ರೇಲಿಯಾದಿಂದ ನಾವು ಹಡಗುಗಟ್ಟಲೆ ತರಿಸಿಕೊಳ್ಳುವುದೂ ಅದೇ ಜಾತಿಯದು. ನನ್ನ ಹಾಸ್ಟೆಲಿನ ಮಂಚ ಉಕ್ಕಿನದು.