ಅರಳು ಮರಳೆಂದು ಬಾಗಿಲು ಮುಚ್ಚದಿರಿ



ಮನುಷ್ಯರಲ್ಲಿ ಕೆಲವರನ್ನು ಅತ್ಯಂತ ನಿಕೃಷ್ಟ ವಯಸ್ಸಿಗೆ ಮರಳಿಸಲಾಗುತ್ತದೆ, ಬಲ್ಲವರಾಗಿದ್ದವರು ಆಗ ಏನನ್ನೂ ಅರಿಯದವರಾಗುತ್ತಾರೆ ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಪ್ರವಾದಿವರ್ಯರು(ಸ) ಆ ಸ್ಥಿತಿಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಯಾದಗಿರಿ, ಶಹಾಪುರ, ಸುರಪುರದ ನಮ್ಮ ಓಣಿಗಳಲ್ಲಿ ಇದನ್ನು ಅರಳು ಮರಳು ಎಂದು ತಳ್ಳಿಹಾಕುತ್ತೇವೆ. ವೈದ್ಯರು ಡಿಮೆನ್ಶಿಯಾ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಅಂದಾಜಿನಂತೆ ಅರುವತ್ತು ದಾಟಿದ ಸುಮಾರು 88 ಲಕ್ಷ ಭಾರತೀಯರಿಗೆ ಈ ಕಾಯಿಲೆಯಿದೆ. ಪಟ್ಟಣಕ್ಕಿಂತ ಹಳ್ಳಿಗಳಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ನಮ್ಮ ಮನೆಗಳಲ್ಲಿ ಏನಾಗುತ್ತಿದೆ? ದಾದಿಮಾ ತನ್ನ ಮನೆಯಲ್ಲೇ ಕುಳಿತು "ಘರ್ ಕೂ ಚಲೋ" ಎಂದು ಹಠ ಹಿಡಿಯುತ್ತಾರೆ. ಬಳೆ ಕದ್ದಳೆಂದು ಸೊಸೆಯನ್ನು ದೂರುತ್ತಾರೆ. ಅಸರ್ ಆಗಿದೆಯೆಂದು ನಾವು ತಾಯಿತ ಕಟ್ಟಿಸುತ್ತೇವೆ. ನೆಂಟರು ಬಂದರೆ ಒಳಕೋಣೆಯ ಬಾಗಿಲು ಹಾಕುತ್ತೇವೆ, ಹುಡುಗಿಯ ಸಂಬಂಧ ತಪ್ಪೀತೆಂಬ ಭಯ! ಝುಹರ್ ನಮಾಝನ್ನು ಮೂರು ಬಾರಿ ಮಾಡಿದರೆಂದು ಗದರಿಸುವವರೂ ಇದ್ದಾರೆ. ಬುದ್ಧಿ ಕಳೆದುಕೊಂಡವರ ಕರ್ಮ ಬರೆಯುವ ಲೇಖನಿ ಎತ್ತಲ್ಪಟ್ಟಿದೆ, ಗದರಿಸುವವರದು ಎತ್ತಲ್ಪಟ್ಟಿಲ್ಲ. ತಂದೆತಾಯಿಗೆ 'ಛೆ' ಎಂದೂ ಅನ್ನಬಾರದೆಂಬ ಆಜ್ಞೆಯಲ್ಲಿ ಅವರ ಮುಪ್ಪನ್ನೇ ಹೆಸರಿಸಲಾಗಿದೆ.

"ಮುಪ್ಪಿಗೆ ಮದ್ದಿಲ್ಲ ಎಂಬ ಹದೀಸ್ ಇದೆಯಲ್ಲ?" ಎನ್ನುವಿರಾ? ಆ ಹದೀಸ್ ಆರಂಭವಾಗುವುದೇ ಚಿಕಿತ್ಸೆ ಪಡೆಯಿರೆಂಬ ಅಪ್ಪಣೆಯಿಂದ. ಮುಪ್ಪು ಬೇರೆ, ಮಿದುಳಿನ ಕಾಯಿಲೆ ಬೇರೆ. ಇದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ, ನಿಜ. ಆದ್ದರಿಂದಲೇ ಸಂಶೋಧನೆ ನಡೆಯುತ್ತಿದೆ. ಅದರಲ್ಲಿ ನಮ್ಮ ಪಾಲೆಷ್ಟು?

ಹೈದರಾಬಾದಿನ ನಿಮ್ಸ್ ಆಸ್ಪತ್ರೆಯಲ್ಲಿ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 648 ರೋಗಿಗಳ ಕುರಿತು ನಡೆಸಿದ ಅಧ್ಯಯನ 2013ರಲ್ಲಿ ಹೊರಬಂತು. ಒಂದೇ ಭಾಷೆ ಬಲ್ಲವರಿಗಿಂತ ಹೆಚ್ಚು ಭಾಷೆ ಆಡುವವರಲ್ಲಿ ಕಾಯಿಲೆ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಬಾರದವರಲ್ಲೂ ಸಹ. ಮನೆಯಲ್ಲಿ ದಖ್ಖನಿ, ಸಂತೆಯಲ್ಲಿ ಕನ್ನಡ, ಗುರುಮಠಕಲ್ ಕಡೆ ತೆಲುಗು ಆಡುವ ನಮಗೆ ಇದು ಎಂಥ ಸುದ್ದಿ! ಆ ರೋಗಿಗಳ ಮನೆಯವರು ಬಾಯಿ ಬಿಡದಿದ್ದರೆ ಕಾಯಿಲೆ ಯಾವಾಗ ಶುರುವಾಯಿತೆಂದು ಯಾರಿಗೆ ತಿಳಿಯುತ್ತಿತ್ತು?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಸಿದ್ಧವಾಗಿ 2020ರಲ್ಲಿ ಪ್ರಕಟವಾದ ನೆನಪಿನ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿದ್ದವು. ಆ ಐದರಲ್ಲಿ ಉರ್ದು ಇರಲಿಲ್ಲ. ಇಂದು ಯಾವ ತಿಂಗಳು ಎಂದರೆ ನಮ್ಮ ದಾದಿಮಾ ಶಾಬಾನ್ ಎನ್ನುತ್ತಾರೆ. ಅದು ಮರೆವೇ? ನಮ್ಮ ಹಿರಿಯರು ಪರೀಕ್ಷೆಗೆ ಕುಳಿತರಲ್ಲವೇ ಪರೀಕ್ಷಿಸುವವರಿಗೆ ಇದು ತಿಳಿಯುವುದು.

ಕಾಗದವೆಂದರೆ ನಮ್ಮವರಿಗೆ ಅಂಜಿಕೆ, ಅದಕ್ಕೆ ಕಾರಣಗಳೂ ಇವೆ. ಹೆಬ್ಬೆಟ್ಟು ಒತ್ತುವ ಮೊದಲು ಓದಿಸಿ ಕೇಳಿರಿ. ಒಲ್ಲೆನೆನ್ನುವ ಹಕ್ಕು, ನಡುವೆ ಬಿಡುವ ಹಕ್ಕು ನಿಮಗಿದೆ. ಮಹಿಳೆಯೇ ಬಂದು ಮಾತಾಡಿಸಲೆಂದು ಕೇಳುವುದರಲ್ಲೂ ತಪ್ಪಿಲ್ಲ. ಆದರೆ ಕೇಳಿದಾಗ ಸತ್ಯ ಮರೆಮಾಚಬೇಡಿ. ಸಾಕ್ಷ್ಯ ಬಚ್ಚಿಡುವವನ ಹೃದಯ ಪಾಪಿಯೆಂದು ಕುರ್‌ಆನ್ ಎಚ್ಚರಿಸಿದೆ.

ಆ ಸಾಕ್ಷ್ಯ ಇರುವುದು ಮನೆಯ ಯಜಮಾನನ ಬಳಿಯಲ್ಲ. ರಾತ್ರಿ ನಾಲ್ಕು ಸಲ ಎದ್ದು ಬಟ್ಟೆ ಬದಲಿಸುವ ಸೊಸೆಯ ಬಳಿ, ಮಗಳ ಬಳಿ. ಅವಳನ್ನು ಮಾತಾಡಲು ಬಿಡಿ. ಅವಳು ಮಾತಾಡಿ ಮುಗಿಸುವವರೆಗೆ ದಾದಿಮಾ ಬಳಿ ಗಂಡಸರು ಕುಳಿತಿರಲಿ.