ಬೆಳ್ಳಿಗೆ ಜೂಜಿನ ಕಲೆ ಅಂಟುವುದೇ?

ಜೂಜು ಕೆಡುಕು ಎಂಬುದನ್ನು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪಗಡೆಯ ಹಾಸಿನ ಮೇಲೆ ರಾಜ್ಯವನ್ನೂ ಮಡದಿಯನ್ನೂ ಸೋತ ಧರ್ಮರಾಯನ ಕಥೆ ಹಳ್ಳಿಯ ಬಯಲಾಟ ನೋಡಿದವರಿಗೆಲ್ಲ ಗೊತ್ತು. ಇಸ್ಲಾಮ್ ಜೂಜನ್ನು ಮದ್ಯದ ಜೊತೆಯಲ್ಲಿಟ್ಟೇ ನಿಷೇಧಿಸಿತು. ಆದರೆ ಜನ್ಮದಲ್ಲಿ ಒಮ್ಮೆಯೂ ಜೂಜಾಡದವನೊಬ್ಬ, ಜೂಜುಕಟ್ಟೆಯಿಂದ ಹೊರಬಂದ ಬೆಳ್ಳಿಯ ಬಿಲ್ಲೆಯನ್ನು ಕೊಂಡು ಲಾಭಕ್ಕೆ ಮಾರಿದರೆ? ಅವನ ಗಳಿಕೆಗೂ ಆ ಕಲೆ ಅಂಟುತ್ತದೆಯೇ?

ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಅಮೆರಿಕದ ನೆವಾಡ ರಾಜ್ಯದ ಕ್ಯಾಸಿನೋಗಳ ಬೆಳ್ಳಿ ಟೋಕನ್‌ಗಳನ್ನು ಸಂಗ್ರಹಿಸುವವರು, ಮಾರುವವರು ಇದ್ದಾರೆ. ಹಿಂದೆ ಅಲ್ಲಿನ ಜೂಜುಯಂತ್ರಗಳಿಗೆ ಸರಕಾರದ ಬೆಳ್ಳಿ ಡಾಲರನ್ನೇ ಹಾಕುತ್ತಿದ್ದರು. ಬೆಳ್ಳಿಯ ಬೆಲೆ ಏರತೊಡಗಿದಾಗ ಜನ ಆ ನಾಣ್ಯಗಳನ್ನು ಕೂಡಿಟ್ಟರು. 1964ರ ಹೊತ್ತಿಗೆ ಅವು ಸಿಗುವುದೇ ಕಷ್ಟವಾಯಿತು. 1965ರಿಂದ ಕ್ಯಾಸಿನೋಗಳು ಅಗ್ಗದ ಲೋಹದ ಸ್ವಂತ ಟೋಕನ್‌ಗಳನ್ನು ಬಳಸತೊಡಗಿದವು.

1992ರಲ್ಲಿ ಲಾಸ್ ವೇಗಾಸ್‌ನ ಫೋರ್ ಕ್ವೀನ್ಸ್ ಕ್ಯಾಸಿನೋದಲ್ಲಿ ‘ಸಿಲ್ವರ್ ಸ್ಟ್ರೈಕ್’ ಎಂಬ ಹೊಸ ಉಪಾಯ ಬಂತು. ಯಂತ್ರದಲ್ಲಿ ಗೊತ್ತುಪಡಿಸಿದ ಚಿತ್ರಗಳು ಸಾಲಾಗಿ ನಿಂತರೆ 10 ಡಾಲರ್ ಮುಖಬೆಲೆಯ ಬಿಲ್ಲೆಯೊಂದು ಉದುರುತ್ತಿತ್ತು. ನಡುವೆ ಅಪ್ಪಟ ಬೆಳ್ಳಿ, ಸುತ್ತಲೂ ಹಿತ್ತಾಳೆಯ ಬಳೆ. ಗೆದ್ದವನು ಅದನ್ನು ಕೌಂಟರಿನಲ್ಲಿ ಕೊಟ್ಟು ಹಣ ಪಡೆಯಬಹುದಿತ್ತು, ಇಲ್ಲವೇ ನೆನಪಿಗೆಂದು ಮನೆಗೆ ಒಯ್ಯಬಹುದಿತ್ತು.

ಈ ಉದಾರತೆಯ ಹಿಂದಿನ ಲೆಕ್ಕವನ್ನು ಗಮನಿಸಿ. ಆಗಿನ ಬಿಲ್ಲೆಯೊಂದರಲ್ಲಿ ಸಾಮಾನ್ಯವಾಗಿ ಇದ್ದ ಬೆಳ್ಳಿ 0.6 ಔನ್ಸ್, ಎಂದರೆ ಸುಮಾರು 18.7 ಗ್ರಾಂ. 1992ರಲ್ಲಿ ಬೆಳ್ಳಿಯ ಬೆಲೆ ಔನ್ಸಿಗೆ ಸುಮಾರು 4 ಡಾಲರ್. ಬಿಲ್ಲೆಯೊಳಗಿನ ಬೆಳ್ಳಿ ಎರಡೂವರೆ ಡಾಲರಿನಷ್ಟೂ ಬೆಲೆ ಬಾಳುತ್ತಿರಲಿಲ್ಲ. ಗೆದ್ದವನು ಹೆಮ್ಮೆಯಿಂದ ಅದನ್ನು ಮನೆಗೆ ಒಯ್ದರೆ ಕ್ಯಾಸಿನೋ ಅವನಿಗೆ 10 ಡಾಲರ್ ಕೊಡಬೇಕಾಗಿಲ್ಲ. ತಯಾರಿಯ ಖರ್ಚು ಕಳೆದು ಉಳಿದದ್ದು ಅದರ ಲಾಭ. ಅಂದರೆ ಕೂಡಿಡುವವನ ಆಸೆಯೂ ಜೂಜುಕಟ್ಟೆಯ ಆದಾಯವೇ.

ಕಾಲ ಈ ಲೆಕ್ಕವನ್ನು ತಿರುವಿಹಾಕಿತು. 2011ರಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರಿನ ಸಮೀಪಕ್ಕೆ ಬಂತು, 2025ರಲ್ಲಿ ಅದನ್ನು ದಾಟಿತು. ಆ ದರದಲ್ಲಿ ಬಿಲ್ಲೆಯ ಬೆಳ್ಳಿಯೇ 30 ಡಾಲರ್ ಬೆಲೆಯದು. ಹಳೆಯ ಬಿಲ್ಲೆಗಳನ್ನು ಇಟ್ಟುಕೊಂಡವನಿಗೆ ಲಾಭ. ಈ ಲಾಭ ಶುದ್ಧವೇ?

ಲೋಹಕ್ಕೆ ಪಾಪ ಪುಣ್ಯಗಳಿಲ್ಲ. ನಮ್ಮ ಕಿಸೆಯಲ್ಲಿರುವ ನೋಟು ಯಾವ ಯಾವ ಕೈಗಳನ್ನು ದಾಟಿ ಬಂದಿದೆಯೆಂದು ವಿಚಾರಿಸುತ್ತ ಕುಳಿತರೆ ಸಂತೆಯೇ ನಿಂತುಹೋದೀತು. ವಿಚಾರಿಸಬೇಕಾದುದು ವಸ್ತುವಿನ ಹಿಂದಿನ ಜಾತಕವನ್ನಲ್ಲ, ನಮ್ಮ ವ್ಯವಹಾರ ಮುಂದೆ ಯಾರನ್ನು ಪೋಷಿಸುತ್ತದೆ ಎಂಬುದನ್ನು. ಒಬ್ಬ ಸಂಗ್ರಾಹಕನಿಂದ ಇನ್ನೊಬ್ಬ ಹಳೆಯ ಬಿಲ್ಲೆಯನ್ನು ಕೊಂಡರೆ ಜೂಜುಕಟ್ಟೆಗೆ ಬಿಡಿಗಾಸೂ ಸೇರದು. ಆದರೆ ಹೊಸ ಬಿಲ್ಲೆಗಾಗಿ ಯಂತ್ರದ ಮುಂದೆ ಕುಳಿತವನು ತನ್ನನ್ನು ಸಂಗ್ರಾಹಕನೆಂದು ಕರೆದುಕೊಂಡರೂ ಜೂಜುಗಾರನೇ. ತಾನು ಆಡದೆ ಇನ್ನೊಬ್ಬನಿಂದ ಆಡಿಸಿದವನೂ ಅದಕ್ಕೆ ಹೊರತಲ್ಲ.

ಎರಡನೆಯದು ತಕ್ಕಡಿಯ ಪ್ರಶ್ನೆ. ಬಿಲ್ಲೆಯ ಒಟ್ಟು ತೂಕ ಹೇಳಿ, ಹಿತ್ತಾಳೆಯನ್ನೂ ಬೆಳ್ಳಿಯ ಲೆಕ್ಕಕ್ಕೆ ಸೇರಿಸಿದರೆ ಅದು ವಂಚನೆ. ಧಾನ್ಯದ ರಾಶಿಯೊಳಗೆ ಕೈಹಾಕಿ ಅಡಿಯ ಒದ್ದೆ ಕಾಳನ್ನು ಕಂಡ ಪ್ರವಾದಿ(ಸ)ಯವರು, ಅದನ್ನು ಜನರಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದ್ದರು. ಆ ಪ್ರಶ್ನೆ ಇಂದಿನ ಬೆಳ್ಳಿ ವ್ಯಾಪಾರಿಗೂ ಅನ್ವಯಿಸುತ್ತದೆ.

ಮೂರನೆಯದು ಕಠಿಣ. ಕೆಲವು ಬಿಲ್ಲೆಗಳಿಗೆ ಬೆಳ್ಳಿಯ ಬೆಲೆಗಿಂತ ಹೆಚ್ಚು ಹಣ ಸಿಗುತ್ತದೆ. ಆ ಹೆಚ್ಚುವರಿ ಯಾವುದರ ಬೆಲೆ? ಕೆತ್ತನೆಯದೋ ಇತಿಹಾಸದ್ದೋ ಆಗಿದ್ದರೆ ಆಕ್ಷೇಪವಿಲ್ಲ. ಆದರೆ ಅದು ಗೆಲುವಿನ ಕನಸಿನ ಬೆಲೆಯೂ ಆಗಿರಬಹುದು. ಬಿಲ್ಲೆ ಉದುರುವುದು ಗೆದ್ದಾಗ ಮಾತ್ರ. ಯಂತ್ರ ನುಂಗಿದ ಸಂಬಳಕ್ಕೆ, ಮನೆಯಲ್ಲಿ ಕಾದು ಕುಳಿತ ಮಕ್ಕಳ ಹಸಿವಿಗೆ ಯಾರೂ ಬಿಲ್ಲೆ ಟಂಕಿಸಲಿಲ್ಲ. ಹೀಗಾಗಿ ಸಂಗ್ರಾಹಕನ ಕಪಾಟಿನಲ್ಲಿ ಸಾಲುಗಟ್ಟಿದ ಗೆಲುವುಗಳಷ್ಟೇ ಹೊಳೆಯುತ್ತವೆ.

ಹಾಗಾದರೆ ಎಲ್ಲವನ್ನೂ ಕರಗಿಸಬೇಕೇ? ಬೇಕಿಲ್ಲ. ಗುಲಾಮರಿಗೆ ತೊಡಿಸಿದ ಸಂಕೋಲೆಯನ್ನೂ ವಸ್ತುಸಂಗ್ರಹಾಲಯಗಳು ಕಾಪಾಡುತ್ತವೆ. ಆದರೆ ಅದನ್ನು ಆಭರಣವೆಂದು ತೋರಿಸುವುದಿಲ್ಲ. ಬಿಲ್ಲೆಯನ್ನೂ ಹಾಗೆಯೇ ಇಟ್ಟುಕೊಳ್ಳಬಹುದು, ಮಾರಲೂಬಹುದು. ಅದರಲ್ಲಿ ಎಷ್ಟು ಬೆಳ್ಳಿಯಿದೆ, ಅದು ಎಲ್ಲಿಂದ ಬಂತು ಎಂಬ ಎರಡನ್ನೂ ಮುಚ್ಚಿಡಬಾರದು, ಅಷ್ಟೆ. ಅದನ್ನೇ ‘ಅದೃಷ್ಟದ ಬೆಳ್ಳಿ’ ಎಂದು ಬಣ್ಣಿಸಿ ಮಾರುವ ವ್ಯಾಪಾರಿ, ತಾನೆಂದೂ ಕಾಲಿಡದ ಜೂಜುಕಟ್ಟೆಯ ಬಾಗಿಲಲ್ಲಿ ನಿಂತು ಇತರರನ್ನು ಒಳಗೆ ಕರೆಯುತ್ತಿರುತ್ತಾನೆ.