ಚರ್ಮದಡಿಯ ದೇಹ: ಆರಂಭಕಾಲದ ಅಮೆರಿಕನ್ ಚಿತ್ರಕಾರರು ಮತ್ತು ಒಂದು ಧಾರ್ಮಿಕ ಪ್ರಶ್ನೆ

ಮನುಷ್ಯ ದೇವರ ಪ್ರತಿರೂಪವೆಂದು ಕ್ರೈಸ್ತಧರ್ಮ ಹೇಳುತ್ತದೆ. ಹಾಗಿದ್ದರೆ ಚರ್ಮ ಸುಲಿದ ದೇಹವನ್ನು ನೋಡಿ ಚಿತ್ರ ಬರೆಯುವುದು ಭಕ್ತಿಯೋ ಅಪಚಾರವೋ? ಹದಿನೆಂಟನೇ ಶತಮಾನದ ಅಮೆರಿಕನ್ ಚಿತ್ರಕಾರರು ಅಂಗರಚನೆ ಕಲಿತ ಬಗೆಯಲ್ಲಿ ಈ ಪ್ರಶ್ನೆ ಅಡಗಿದೆ.

1738ರಲ್ಲಿ ಹುಟ್ಟಿದ ಜಾನ್ ಸಿಂಗಲ್ಟನ್ ಕೊಪ್ಲಿ ಬೆಳೆದ ಬಾಸ್ಟನ್‌ನಲ್ಲಿ ಕಲಾಶಾಲೆ ಇರಲಿಲ್ಲ. 1756ರಲ್ಲಿ ಅವನು ಯುರೋಪಿನ ಮುದ್ರಿತ ಗ್ರಂಥಗಳಿಂದ ಎಲುಬು, ಸ್ನಾಯುಗಳ ಚಿತ್ರಗಳನ್ನು ನಕಲು ಮಾಡಿ ಪುಸ್ತಕವೊಂದನ್ನು ಸಿದ್ಧಪಡಿಸಿಕೊಂಡ. ಅದು ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. 1774ರಲ್ಲಿ ಯುರೋಪಿಗೆ ಹೋದ ಮೇಲೆ ಅವನು ಜೀವಂತ ಮಾದರಿಗಳನ್ನು ಚಾಕ್‌ನಲ್ಲಿ ಬರೆದ. ಇಂಥ ಅಭ್ಯಾಸಚಿತ್ರಗಳಲ್ಲಿ ನೆರಳಿಗೆ ಕಪ್ಪು ಚಾಕ್, ಬೆಳಕಿಗೆ ಬಿಳಿ ಚಾಕ್. ನಡುವಣ ಛಾಯೆಗೆ ನೀಲಿ ಅಥವಾ ಬೂದು ಕಾಗದದ ಬಣ್ಣವೇ ಸಾಕು. ತಪ್ಪಿದ ಗೆರೆಯನ್ನು ಬೆರಳಿನಿಂದ ಒರೆಸಿ ತಿದ್ದಬಹುದು.

ದೇಹವನ್ನು ಹೀಗೆ ಅಭ್ಯಸಿಸುವುದಕ್ಕೆ ಅಂದಿನ ದೈವಶಾಸ್ತ್ರದ ಬೆಂಬಲವೂ ಇತ್ತು. ಇಂಗ್ಲಿಷ್ ಲೇಖಕರಾದ ಜಾನ್ ರೇ 1691ರಲ್ಲಿ, ವಿಲಿಯಂ ಪೇಲಿ 1802ರಲ್ಲಿ ಒಂದೇ ಬಗೆಯ ವಾದ ಹೂಡಿದರು: ಕೀಲು, ಸ್ನಾಯುಗಳ ಅಚ್ಚುಕಟ್ಟು ಸೃಷ್ಟಿಕರ್ತನ ಜ್ಞಾನಕ್ಕೆ ಸಾಕ್ಷಿ. ಈ ಲೆಕ್ಕದಲ್ಲಿ ದೇಹವನ್ನು ಸೂಕ್ಷ್ಮವಾಗಿ ನೋಡುವುದು ದೇವರ ಕೃತಿಯನ್ನು ಓದಿದಂತೆ.

ಆದರೆ ನೋಡಲು ಸಿಕ್ಕ ದೇಹ ಯಾರದು? 1752ರ ಬ್ರಿಟಿಷ್ ಕಾಯ್ದೆ ಗಲ್ಲಿಗೇರಿದ ಕೊಲೆಗಾರರ ಶವಗಳನ್ನು ಛೇದನಕ್ಕೆ ಒಪ್ಪಿಸಿತ್ತು. ಪೆನ್ಸಿಲ್ವೇನಿಯಾದ ಕ್ವೇಕರ್ ಕುಟುಂಬದಲ್ಲಿ ಹುಟ್ಟಿದ ಬೆಂಜಮಿನ್ ವೆಸ್ಟ್ 1801ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯ ಅಧ್ಯಕ್ಷನಾಗಿದ್ದ. ಶಿಲುಬೆಯ ಮೇಲಿನ ಕ್ರಿಸ್ತನನ್ನು ಕಲಾವಿದರು ಸರಿಯಾಗಿ ಚಿತ್ರಿಸಿದ್ದಾರೆಯೇ ಎಂದು ಪರೀಕ್ಷಿಸಲು ಅವನು, ಶಿಲ್ಪಿ ಥಾಮಸ್ ಬ್ಯಾಂಕ್ಸ್ ಮತ್ತು ಚಿತ್ರಕಾರ ರಿಚರ್ಡ್ ಕಾಸ್‌ವೇ ಮುಂದಾದರು. ಗಲ್ಲಿಗೇರಿದ ಜೇಮ್ಸ್ ಲೆಗ್‌ನ ಶವವನ್ನು ಶಿಲುಬೆಗೆ ಜಡಿದು, ಚರ್ಮ ಸುಲಿದು, ಪ್ಲಾಸ್ಟರ್ ಅಚ್ಚು ತೆಗೆಯಲಾಯಿತು. ತಲೆ ಒಂದು ಬದಿಗೆ ವಾಲಿ, ತೋಳಿನ ಸ್ನಾಯುಗಳು ಎಳೆದು ನಿಂತ ಆ ಪ್ರತಿಮೆ ಇಂದಿಗೂ ಅಕಾಡೆಮಿಯಲ್ಲಿದೆ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸಬೇಕು. ತೂಗುವ ದೇಹದ ಭಾರ ಭುಜವನ್ನು ಹೇಗೆ ಎಳೆಯುತ್ತದೆಂಬುದನ್ನು ಈ ಪ್ರಯೋಗ ತೋರಿಸಿತು. ಆದರೆ ಕ್ರಿಸ್ತನ ಬಲಿದಾನದ ಅರ್ಥವೇನೆಂಬುದನ್ನು ಸ್ನಾಯು ಹೇಳಲಾರದು. ಇನ್ನು, ದೇಹವನ್ನು ನೋಡಬಹುದೆಂಬ ವಾದ ಒಪ್ಪಿಗೆಯಿಲ್ಲದೆ ಅದನ್ನು ಬಳಸುವ ಹಕ್ಕನ್ನು ಕೊಡುವುದಿಲ್ಲ. ಪ್ರತಿಯೊಬ್ಬನೂ ದೇವರ ಪ್ರತಿರೂಪವಾದರೆ ಕೊಲೆಗಾರನೂ ಅದರಿಂದ ಹೊರಗಲ್ಲ. 1832ರ ಅಂಗರಚನಾ ಕಾಯ್ದೆ ಛೇದನವನ್ನು ಶಿಕ್ಷೆಯ ಪಟ್ಟಿಯಿಂದ ತೆಗೆಯಿತು. ಆದರೆ ವಾರಸುದಾರರಿಲ್ಲದ ಬಡವರ ಶವಗಳಿಗೆ ದಾರಿ ತೆರೆಯಿತು. ಒಪ್ಪಿಗೆಯ ಪ್ರಶ್ನೆ ಅಪರಾಧಿಯಿಂದ ಬಡವನ ಕಡೆಗೆ ಹೊರಳಿತೇ ಹೊರತು ತೀರಲಿಲ್ಲ.